ಒಂದು ಸೀಸೆ ರಕ್ತದ ಸಾಕ್ಷ್ಯ

ಒಂದು ಕಾಲಕ್ಕೆ ಪುಣೆಯ ಹೊರಗಿನ ಹಳ್ಳಿಯಾಗಿದ್ದ ಕೋಥರೂಡವು ಇಂದು ನಗರದ ಒಳಗೇ ಒಂದು ನಗರವಾಗಿದೆ. ಕರ್ವೆ ರಸ್ತೆಯಿಂದ ಪೌಡ ರಸ್ತೆಯುದ್ದಕ್ಕೂ, ಮುಂದೆ ಚಾಂದಣಿ ಚೌಕದ ತನಕ, ಮನೆಗಳೂ ಮಳಿಗೆಗಳೂ ಕಿಕ್ಕಿರಿದಿವೆ. ಈ ಭಾಗದ ಹೋಟೆಲುಗಳಲ್ಲಿ ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ನಮ್ಮ ಬಂಧುಗಳು ದುಡಿಯುತ್ತಿದ್ದಾರೆ. ಕಚೇರಿಗಳಲ್ಲಿ ನಮ್ಮ ಗುಮಾಸ್ತರಿದ್ದಾರೆ. ಪಕ್ಕದ ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆಯಿದೆ. ರಾತ್ರಿ ಗಲ್ಲಾ ಎಣಿಸಿ, ಪಾತ್ರೆ ತೊಳೆದು, ಮರುದಿನದ ಹಿಟ್ಟು ರುಬ್ಬಿಟ್ಟು ನಮ್ಮ ಕೆಲಸಗಾರನು ರಸ್ತೆಗಿಳಿಯುವ ಹೊತ್ತೂ, ಪಾನಗೃಹಗಳ ಮುಂದಿನಿಂದ ವಾಹನಗಳು ಹೊರಡುವ ಹೊತ್ತೂ ಒಂದೇ ಆಗಿರುತ್ತದೆ. ನಡೆದು ಹೋಗುವವನಿಗೂ ಸೈಕಲ್ಲಿನವನಿಗೂ ಹಳೆಯ ಸ್ಕೂಟರಿನವನಿಗೂ ಆ ಹೊತ್ತಿನ ರಸ್ತೆಯು ಭಯದ ರಸ್ತೆಯೇ ಸರಿ.

೨೦೨೪ರ ಸಪ್ಟೆಂಬರದಲ್ಲಿ, ಗಣೇಶೋತ್ಸವದ ದಿನಗಳಲ್ಲಿಯೇ, ಕೋಥರೂಡದ ಪೌಡ ರಸ್ತೆಯ ಭಾಗದಲ್ಲಿ ಸರಕಿನ ಟೆಂಪೋವೊಂದು ಹಲವು ವಾಹನಗಳಿಗೆ ಬಡಿದು ಮಹಿಳೆಯೊಬ್ಬಳು ಪ್ರಾಣ ಕಳೆದುಕೊಂಡ ಸಂಗತಿಯನ್ನು ಇಲ್ಲಿನವರು ಮರೆತಿರಲಾರರು. ಚಾಲಕನು ಕುಡಿದಿದ್ದನೆಂದು ಪೊಲೀಸರು ತಿಳಿಸಿದರು. ಇಂಥ ಸುದ್ದಿ ಬಂದಾಗಲೆಲ್ಲ ‘ಕುಡಿದು ಓಡಿಸಿದನು’ ಎಂಬ ಮಾತು ಜನರ ಬಾಯಲ್ಲಿ ಕ್ಷಣದಲ್ಲಿ ಹರಡುತ್ತದೆ. ಆದರೆ ಜನರ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಲಾರದು. ಅಲ್ಲಿ ಮಾತಾಡತಕ್ಕದ್ದು ಚಾಲಕನ ಉಸಿರು. ಅದಕ್ಕಿಂತಲೂ ಮಿಗಿಲಾಗಿ, ಒಂದು ಚಿಕ್ಕ ಸೀಸೆಯಲ್ಲಿ ಹಿಡಿದಿಟ್ಟ ಅವನ ರಕ್ತ. ಆ ರಕ್ತವನ್ನು ಯಾರು, ಯಾವಾಗ, ಹೇಗೆ ತೆಗೆದರು, ಯಾರ ಕೈಯಿಂದ ಯಾರ ಕೈಗೆ ಅದು ಹೋಯಿತು ಎಂಬುದರ ಮೇಲೆ ಸತ್ತವನ ಮನೆಯವರಿಗೆ ದೊರೆಯುವ ನ್ಯಾಯವೂ, ಆರೋಪಕ್ಕೆ ಗುರಿಯಾದವನ ಮಾನವೂ ನಿಂತಿರುತ್ತವೆ. ಆದುದರಿಂದ ಈ ಪರೀಕ್ಷೆಯ ವಿಚಾರವನ್ನು ವೈದ್ಯರೂ ವಕೀಲರೂ ಮಾತ್ರವಲ್ಲ, ನಾವೂ ಅರಿತಿರುವುದು ಅವಶ್ಯ.

ಕಾಯಿದೆಯ ಅಳತೆ

೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಕಲಮು ಈ ವಿಷಯಕ್ಕೆ ಸಂಬಂಧಿಸಿದುದು. ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವು ಪರೀಕ್ಷೆಯಿಂದ ಕಂಡುಬಂದಲ್ಲಿ ಚಾಲಕನು ಅಪರಾಧಿ. ಅವನು ತೂರಾಡುತ್ತಿದ್ದನೇ, ಮಾತು ತೊದಲುತ್ತಿತ್ತೇ ಎಂಬ ಪ್ರಶ್ನೆ ಈ ಕಲಮಿನಲ್ಲಿ ಏಳುವುದಿಲ್ಲ, ಅಳತೆಯೇ ಮಾತು. ೨೦೧೯ರ ತಿದ್ದುಪಡಿಯ ತರುವಾಯ ಮೊದಲ ಸಲದ ತಪ್ಪಿಗೆ ಆರು ತಿಂಗಳ ತನಕ ಸೆರೆವಾಸ, ಇಲ್ಲವೆ ೧೦,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದಲ್ಲಿ ಎರಡು ವರ್ಷದ ತನಕ ಸೆರೆವಾಸ, ಇಲ್ಲವೆ ೧೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ. ಇದಲ್ಲದೆ ನ್ಯಾಯಾಲಯವು ಲೈಸೆನ್ಸಿಗೆ ಕನಿಷ್ಠ ಆರು ತಿಂಗಳ ಅನರ್ಹತೆಯನ್ನು ವಿಧಿಸತಕ್ಕದ್ದೆಂದು ಅದೇ ಕಾಯಿದೆಯ ೨೦ನೆಯ ಕಲಮು ಹೇಳುತ್ತದೆ. ಇದು ಮೋಟಾರು ಕಾರಿಗೆ ಎಷ್ಟೋ ಸ್ಕೂಟರಿಗೂ ಅಷ್ಟೇ.

ಮೂವತ್ತು ಮಿಲಿಗ್ರಾಂ ಎಂದರೆ ಎಷ್ಟು? ಗುಮಾಸ್ತ ಬಂಧುಗಳು ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬಹುದು. ೬೦ ಕಿಲೋ ತೂಕದ ಗಂಡಸಿನ ದೇಹದಲ್ಲಿ ಮದ್ಯಸಾರವು ಬೆರೆಯಲು ಒದಗುವ ಭಾಗವು ಸುಮಾರು ೪೦ ಕಿಲೋ. ನಮ್ಮ ದೇಶದ ವಿಸ್ಕಿ, ರಮ್ಮುಗಳಲ್ಲಿ ನೂರಕ್ಕೆ ೪೨.೮ ಪಾಲು ಮದ್ಯಸಾರವಿರುವುದು ವಾಡಿಕೆ. ಅಂತೆಯೇ ೬೦ ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು ೨೦ ಗ್ರಾಂ ಮದ್ಯಸಾರವಿದ್ದು, ಅದು ಆ ಮನುಷ್ಯನ ರಕ್ತದಲ್ಲಿ ಸುಮಾರು ೫೦ ಮಿಲಿಗ್ರಾಂನಷ್ಟು ಏರಬಲ್ಲದು. ನೂರಕ್ಕೆ ಎಂಟು ಪಾಲಿನ ತೀಕ್ಷ್ಣ ಬಿಯರಿನ ೬೫೦ ಮಿಲಿಲೀಟರಿನ ಬಾಟಲಿಯು ೧೦೦ ಮಿಲಿಗ್ರಾಂನ ತನಕ ಏರಿಸಬಲ್ಲದು. ಹೊಟ್ಟೆ ತುಂಬಿದ್ದರೆ ಏರಿಕೆ ನಿಧಾನವಾಗುತ್ತದೆ, ಸ್ವಲ್ಪ ತಗ್ಗುತ್ತದೆ. ಹೆಂಗಸರಲ್ಲಿಯೂ ತೆಳುವಾದ ದೇಹದವರಲ್ಲಿಯೂ ಇನ್ನೂ ಹೆಚ್ಚುತ್ತದೆ. ‘ಬಿಯರೆಂದರೆ ಬಾರ್ಲಿಯ ನೀರು’ ಎಂದು ಹೇಳುವ ಸ್ನೇಹಿತನು ಕಾಯಿದೆಯ ಅಳತೆಯನ್ನು ಅರಿಯನೆಂದೇ ತಿಳಿಯಬೇಕು.

ಉಸಿರಿನ ಯಂತ್ರ

ಕುಡಿದವನ ರಕ್ತವು ಶ್ವಾಸಕೋಶದಲ್ಲಿ ಹರಿಯುವಾಗ ಅದರೊಳಗಿನ ಮದ್ಯಸಾರದ ಒಂದು ಅಂಶವು ಆವಿಯಾಗಿ ಉಸಿರಿಗೆ ಸೇರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿರುವಷ್ಟು ಮದ್ಯಸಾರವು ಸುಮಾರು ೨,೧೦೦ ಮಿಲಿಲೀಟರ್ ಆಳದ ಉಸಿರಿನಲ್ಲಿ ಇರುತ್ತದೆಂದು ಹಿಡಿದು ಯಂತ್ರಗಳನ್ನು ರಚಿಸಲಾಗಿದೆ. ಅಮೆರಿಕದ ಇಂಡಿಯಾನಾ ಸಂಸ್ಥಾನದ ರಾಬರ್ಟ್ ಬೋರ್ಕೆನ್‌ಸ್ಟೈನ್ ಎಂಬವರು ೧೯೫೪ರಲ್ಲಿ ಕಟ್ಟಿದ ಯಂತ್ರದಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟಿನ ಹಳದಿ ದ್ರಾವಣವು ಮದ್ಯಸಾರ ತಾಗಿದಷ್ಟೂ ಬಣ್ಣ ಕಳೆದುಕೊಳ್ಳುತ್ತಿತ್ತು. ಈಗ ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಹೆಚ್ಚಿನವು ಬೇರೆ ಬಗೆಯವು. ಅವುಗಳಲ್ಲಿ ಪ್ಲಾಟಿನಂ ಲೇಪಿಸಿದ ತಗಡಿನ ಮೇಲೆ ಮದ್ಯಸಾರವು ಅಸೆಟಿಕ್ ಆಮ್ಲವಾಗಿ ಮಾರ್ಪಡುವಾಗ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತಾರೆ. ನಮ್ಮ ಅಡಿಗೆಮನೆಯ ವಿನೆಗರಿನ ಹುಳಿಯೂ ಅದೇ ಆಮ್ಲ.

ಯಂತ್ರವು ಉಪಯುಕ್ತವಾದರೂ ಅದಕ್ಕೆ ಮೋಸಹೋಗುವ ಸ್ವಭಾವ ಒಂದುಂಟು. ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳಲ್ಲಿಯೂ, ಕೆಲವು ಕೆಮ್ಮಿನ ಪಾನಕಗಳಲ್ಲಿಯೂ ಮದ್ಯಸಾರವಿರುತ್ತದೆ. ಅವುಗಳನ್ನು ಬಾಯಿಗೆ ಹಾಕಿದ ಕೂಡಲೆ ಊದಿದರೆ ಯಂತ್ರವು ರಕ್ತದ್ದನ್ನಲ್ಲ, ಬಾಯಿಯದ್ದನ್ನು ಅಳೆಯುತ್ತದೆ. ಹದಿನೈದು ನಿಮಿಷ ತಡೆದು ಮತ್ತೆ ಊದಿಸಿದರೆ ಬಾಯಿಯ ಮದ್ಯಸಾರವು ಅಳಿದಿರುತ್ತದೆ, ರಕ್ತದ್ದು ಉಳಿದಿರುತ್ತದೆ. ಹುಳಿಬಂದ ಇಡ್ಲಿ ಹಿಟ್ಟಿನ ಬಗ್ಗೆ ನಮ್ಮ ಹುಡುಗರು ತಮಾಷೆಗೆ ಕೇಳುವುದುಂಟು. ಹಿಟ್ಟು ಹುದುಗುವಾಗ ಮದ್ಯಸಾರವು ಲೇಶಮಾತ್ರ ಹುಟ್ಟಿದರೂ ಹಬೆಯಲ್ಲಿ ಬೆಂದ ಇಡ್ಲಿಯಿಂದ ಯಾರೂ ೧೮೫ನೆಯ ಕಲಮಿಗೆ ಸಿಕ್ಕಿಬೀಳಲಾರರು.

ರಕ್ತ ತೆಗೆಯುವ ವಿಧಿ

ಉಸಿರಿನ ಪರೀಕ್ಷೆಯಲ್ಲಿ ಸಂಶಯ ಬಂದಲ್ಲಿಯೂ, ಅಪಘಾತವು ಘೋರವಾದಲ್ಲಿಯೂ ರಕ್ತವನ್ನೇ ತೆಗೆಯಬೇಕಾಗುತ್ತದೆ. ಈ ವಿಷಯದಲ್ಲಿ ನಮ್ಮ ಪ್ರಾಂತದ ಅನುಭವ ಹಳೆಯದು. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯ ಕೆಳಗೆ ೧೯೫೯ರಲ್ಲಿ ವೈದ್ಯಪರೀಕ್ಷೆ ಹಾಗೂ ರಕ್ತಪರೀಕ್ಷೆಯ ನಿಯಮಗಳು ಬಂದವು. ಅವುಗಳನ್ನು ಓದಿದರೆ ಬರೆದವರ ಜಾಗರೂಕತೆ ಮೆಚ್ಚುವಂತಹುದು. ಪಿಚಕಾರಿಯನ್ನು ಕುದಿಯುವ ನೀರಿನಲ್ಲಿ ಶುದ್ಧ ಮಾಡತಕ್ಕದ್ದು. ಚರ್ಮವನ್ನು ಶುದ್ಧಗೊಳಿಸಿದ ನೀರಿನಿಂದಲೇ ಒರೆಸತಕ್ಕದ್ದು. ಯಾವ ಹಂತದಲ್ಲಿಯೂ ಸ್ಪಿರಿಟನ್ನು ಮುಟ್ಟಕೂಡದು. ಐದು ಸಿ.ಸಿ.ಗೆ ಕಡಿಮೆಯಿಲ್ಲದಂತೆ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆಯೂ ಕೆಡದಂತೆಯೂ ಕಾಯುವ ದ್ರವ್ಯವಿರುವ ಸೀಸೆಗೆ ಹಾಕಿ ಚೆನ್ನಾಗಿ ಅಲುಗಿಸತಕ್ಕದ್ದು. ಸೀಸೆಗೆ ಚೀಟಿ ಅಂಟಿಸಿ, ಮುಚ್ಚಳಕ್ಕೆ ಅರಗಿನಿಂದ ವೈದ್ಯರ ಮೊಹರು ಒತ್ತತಕ್ಕದ್ದು.

ಈ ಒಂದೊಂದು ಮಾತಿಗೂ ಕಾರಣವುಂಟು. ಸೂಜಿ ಚುಚ್ಚುವ ಮುನ್ನ ಆಸ್ಪತ್ರೆಯಲ್ಲಿ ಸ್ಪಿರಿಟಿನ ಹತ್ತಿಯಿಂದ ಒರೆಸುವುದು ರೂಢಿ. ಮದ್ಯಸಾರವನ್ನು ಹುಡುಕುವಾಗ ಚರ್ಮಕ್ಕೆ ಮದ್ಯಸಾರವನ್ನೇ ಬಳಿದರೆ ಫಲಿತಾಂಶವನ್ನು ನಂಬುವುದೆಂತು? ರಕ್ತದಲ್ಲಿ ಸಕ್ಕರೆಯಿದೆ, ಸೂಕ್ಷ್ಮಜೀವಿಗಳು ಸೇರಿದರೆ ಕುಡಿಯದವನ ರಕ್ತವೂ ಸೀಸೆಯೊಳಗೇ ಹುದುಗಿ ಮದ್ಯಸಾರವನ್ನು ಹುಟ್ಟಿಸಬಲ್ಲದು. ಹಿಟ್ಟು ಹುದುಗುವ ಬಗೆಯನ್ನು ದಿನವೂ ಕಾಣುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಡಿಯಂ ಫ್ಲೋರೈಡ್ ಎಂಬ ಲವಣವು ಆ ಹುದುಗುವಿಕೆಯನ್ನು ತಡೆಯುತ್ತದೆ. ಮುಚ್ಚಳ ಸಡಿಲವಾಗಿದ್ದು ಸೀಸೆ ಬಿಸಿಲಿನಲ್ಲಿದ್ದರೆ ಇದ್ದ ಮದ್ಯಸಾರವು ಆವಿಯಾಗಿ ಹೋಗುತ್ತದೆ. ಆದುದರಿಂದ ಬಿಗಿಯಾದ ಮುಚ್ಚಳವೂ ತಣ್ಣನೆಯ ಪೆಟ್ಟಿಗೆಯೂ ಬೇಕು. ಸೀಸೆಯು ತಪ್ಪಿದರೆ ಕುಡಿಯದವನು ಕುಡಿದವನಾಗಬಹುದು, ಕುಡಿದವನು ಶುದ್ಧನಾಗಬಹುದು ಎಂಬುದನ್ನು ನಾವು ಮರೆಯಬಾರದು.

ಹೀಗೆ ಮೊಹರು ಮಾಡಿದ ಸೀಸೆಯು ಪುಣೆಯಲ್ಲಿ ಗಣೇಶಖಿಂಡದ ಪ್ರಾದೇಶಿಕ ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಇಂಥ ಪರೀಕ್ಷೆಗೆ ಇಂದು ಲೋಕದಲ್ಲೆಲ್ಲ ಮೆಚ್ಚಿಕೆ ಪಡೆದಿರುವುದು ಗ್ಯಾಸ್ ಕ್ರೊಮೆಟಾಗ್ರಫಿ. ರಕ್ತವನ್ನು ಮುಚ್ಚಿದ ಸೀಸೆಯಲ್ಲಿಯೇ ಹದವಾಗಿ ಕಾಯಿಸಿ, ಮೇಲೆ ನಿಂತ ಆವಿಯನ್ನು ಕೂದಲೆಳೆಯಂಥ ನೀಳ ಕೊಳವೆಯಲ್ಲಿ ಹರಿಯಿಸುತ್ತಾರೆ. ಒಂದೊಂದು ದ್ರವ್ಯವೂ ತನ್ನದೇ ಹೊತ್ತಿಗೆ ಹೊರಬರುವುದರಿಂದ ಮದ್ಯಸಾರವನ್ನು ಬೇರೆ ದ್ರವ್ಯಗಳಿಂದ ಬೇರ್ಪಡಿಸಿ ಅಳೆಯುವುದು ಸಾಧ್ಯವಾಗುತ್ತದೆ.

ಗಡಿಯಾರವೇ ದೊಡ್ಡ ಸಾಕ್ಷಿ

ಎಷ್ಟು ಉತ್ತಮ ಯಂತ್ರವಿದ್ದರೂ ಕಾಲ ಮೀರಿದ ರಕ್ತದಿಂದ ಪ್ರಯೋಜನವಿಲ್ಲ. ಮನುಷ್ಯನ ಪಿತ್ತಜನಕಾಂಗವು ಮದ್ಯಸಾರವನ್ನು ಒಂದೇ ಸಮನೆ ಸುಡುತ್ತಿರುತ್ತದೆ. ೧೦೦ ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು ೧೫ ಮಿಲಿಗ್ರಾಂನಂತೆ ಅದು ಇಳಿಯುತ್ತದೆ. ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಹೆಚ್ಚು. ಸ್ನಾನ, ಕಾಫಿ, ಮಜ್ಜಿಗೆ, ನಿಂಬೆಹುಳಿ ಯಾವುದರಿಂದಲೂ ಈ ವೇಗವು ಹೆಚ್ಚದು. ಇದರಿಂದ ಎರಡು ತಾತ್ಪರ್ಯಗಳು ಹೊರಡುತ್ತವೆ. ಮಧ್ಯರಾತ್ರಿ ೧೦೦ ಮಿಲಿಗ್ರಾಂ ಇದ್ದವನು ಮಲಗೆದ್ದು ನಸುಕಿನ ನಾಲ್ಕು ಗಂಟೆಗೆ ಹಾಲು ತರಲು ಸ್ಕೂಟರ್ ಏರಿದರೆ ಅವನಲ್ಲಿ ಇನ್ನೂ ೪೦ ಮಿಲಿಗ್ರಾಂ ಉಳಿದಿರುತ್ತದೆ. ನಿದ್ದೆಯಿಂದ ಅಮಲು ಇಳಿದಂತೆ ತೋರಿದರೂ ಕಾಯಿದೆಯ ಕಣ್ಣಿಗೆ ಅವನು ಕುಡಿದವನೇ. ಇನ್ನೊಂದು, ಅಪಘಾತ ಮಾಡಿದವನ ರಕ್ತವನ್ನು ಎಂಟು ಗಂಟೆ ತಡೆದು ತೆಗೆದರೆ ೧೨೦ ಮಿಲಿಗ್ರಾಂನಷ್ಟು ಸಾಕ್ಷ್ಯವು ತಾನಾಗಿಯೇ ಅಳಿದುಹೋಗಿರುತ್ತದೆ.

ಪುಣೆಯ ಕಲ್ಯಾಣಿನಗರದಲ್ಲಿ ೨೦೨೪ರ ಮೇ ೧೯ರಂದು ನಡೆದುದನ್ನು ಈ ಲೆಕ್ಕದೊಡನೆ ಇಟ್ಟು ನೋಡಬೇಕು. ರಾತ್ರಿ ಸುಮಾರು ಎರಡೂವರೆ ಗಂಟೆಗೆ ಹದಿನೇಳು ವರ್ಷದ ಹುಡುಗನೊಬ್ಬನು ಓಡಿಸುತ್ತಿದ್ದ ಪೋರ್ಶೆ ಕಾರು ಮೋಟಾರು ಸೈಕಲ್ಲಿಗೆ ಅಪ್ಪಳಿಸಿ, ಮಧ್ಯಪ್ರದೇಶದಿಂದ ಉದ್ಯೋಗಕ್ಕಾಗಿ ಬಂದಿದ್ದ ಇಬ್ಬರು ತರುಣ ಇಂಜಿನಿಯರರು ಮಡಿದರು. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಪರಊರಿಗೆ ಬಂದ ಮಕ್ಕಳು ಅವರು. ಹುಡುಗನಿಗೆ ಅದೇ ದಿನ ಜಾಮೀನು ದೊರೆತು, ಅದರ ಕರಾರುಗಳಲ್ಲಿ ೩೦೦ ಶಬ್ದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತೆಂಬುದು ದೇಶದಲ್ಲೆಲ್ಲ ಆಕ್ರೋಶವನ್ನೆಬ್ಬಿಸಿತು. ಆದರೆ ಪ್ರಬಂಧಕ್ಕಿಂತಲೂ ಗಂಭೀರವಾದ ಸಂಗತಿ ಸೀಸೆಯದು. ಸಸೂನ್ ಆಸ್ಪತ್ರೆಯಲ್ಲಿ ಹುಡುಗನ ರಕ್ತವನ್ನು ತೆಗೆದುದು ಬೆಳಗಿನ ಸುಮಾರು ಹನ್ನೊಂದು ಗಂಟೆಗೆ. ಅಂದರೆ ಅಪಘಾತವಾಗಿ ಎಂಟು ಗಂಟೆಗಳು ಕಳೆದ ಮೇಲೆ. ಹಾಗೆ ತಡವಾಗಿ ತೆಗೆದ ರಕ್ತವನ್ನೂ ಕಸದ ಬುಟ್ಟಿಗೆಸೆದು, ಬೇರೊಬ್ಬರ ರಕ್ತವನ್ನು ಅವನ ಹೆಸರಿನಲ್ಲಿ ಕಳುಹಿಸಲಾಯಿತೆಂಬುದು ಪೊಲೀಸರ ಆರೋಪ. ಆ ಬೇರೆ ರಕ್ತವು ಹುಡುಗನ ತಾಯಿಯದೆಂದು ಅವರು ಮುಂದೆ ಹೇಳಿದರು. ಮೇ ೨೭ರಂದು ಆಸ್ಪತ್ರೆಯ ಇಬ್ಬರು ವೈದ್ಯರ ಬಂಧನವಾಯಿತು.

ಈ ಬದಲಾವಣೆ ಬಯಲಾದುದು ಹೇಗೆಂಬುದು ತಿಳಿಯತಕ್ಕ ಮಾತು. ಅದೇ ದಿನ ಔಂಧದ ಆಸ್ಪತ್ರೆಯಲ್ಲಿ ಎರಡನೆಯ ಸಲ ರಕ್ತ ತೆಗೆಸಿದ್ದರು. ಆ ವೇಳೆಗೆ ಅದರಲ್ಲಿ ಮದ್ಯಸಾರ ಸಿಗುವ ಆಸೆ ಉಳಿದಿರಲಿಲ್ಲ. ಆದರೆ ಮನುಷ್ಯನ ಗುರುತಾದ ಡಿ.ಎನ್.ಎ. ಗಂಟೆಗಳಿಂದ ಅಳಿಯುವಂಥದಲ್ಲ. ಎರಡು ಸೀಸೆಗಳ ಡಿ.ಎನ್.ಎ.ಯನ್ನು ಹೋಲಿಸಿದಾಗ ಅವು ಒಬ್ಬನವಲ್ಲವೆಂಬುದು ಪ್ರಯೋಗಾಲಯದಲ್ಲಿ ಹೊರಬಿತ್ತು. ಒಂದು ಸೀಸೆ ಹೇಳಲಾರದುದನ್ನು ಎರಡು ಸೀಸೆಗಳು ಹೇಳಿದವು. ಆರೋಪಿಗಳ ತಪ್ಪೊಪ್ಪುಗಳನ್ನು ತೀರ್ಮಾನಿಸತಕ್ಕದ್ದು ನ್ಯಾಯಾಲಯ, ನಾವಲ್ಲ. ಆದರೂ ಅಪಘಾತದ ಕ್ಷಣದಲ್ಲಿ ಹುಡುಗನ ರಕ್ತದಲ್ಲಿ ಏನಿತ್ತೆಂಬುದನ್ನು ನೇರವಾಗಿ ಹೇಳಬಲ್ಲ ಸಾಕ್ಷಿಯು ಇನ್ನೆಂದೂ ದೊರೆಯದು. ಪೊಲೀಸರು ಪಾನಗೃಹದ ಕ್ಯಾಮರಾದ ಚಿತ್ರಗಳನ್ನೂ ಬಿಲ್ಲನ್ನೂ ಅರಸಿ ಹೋಗಬೇಕಾದುದು ಈ ಕಾರಣದಿಂದಲೇ.

ನ್ಯಾಯಾಲಯಗಳು ಕಂಡ ಬಗೆ

ಮಹಾರಾಷ್ಟ್ರದಿಂದ ಹೋದ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಹಿಂದಿನಿಂದಲೂ ವಿಮರ್ಶಿಸಿದೆ. ೧೯೬೩ರ ಉಖಾ ಕೋಲ್ಹೆಯ ಮೊಕದ್ದಮೆಯಲ್ಲಿ, ಪೊಲೀಸರ ಕೋರಿಕೆಗೆ ಮುಂಚೆಯೇ ಆಸ್ಪತ್ರೆಯ ವೈದ್ಯರು ತೆಗೆದ ರಕ್ತದ ಪರೀಕ್ಷೆಯನ್ನೂ ಸಾಕ್ಷ್ಯವಾಗಿ ನೋಡಬಹುದೆಂದು ಬಹುಮತದ ತೀರ್ಪು ಬಂತು. ಆದರೆ ಸೀಸೆಯನ್ನು ಪರೀಕ್ಷಕರಿಗೆ ತಲುಪುವ ತನಕ ಹೇಗೆ ಕಾಪಾಡಲಾಯಿತೆಂಬುದರ ಪುರಾವೆಯ ಕೊರತೆಯೂ ಅಲ್ಲಿ ಎತ್ತಿಹೇಳಲ್ಪಟ್ಟಿತು. ೧೯೭೧ರಲ್ಲಿ ಬಚ್ಚೂಭಾಯಿ ಕರ್ಯಾಣಿಯ ಮೊಕದ್ದಮೆಯಲ್ಲಿ, ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತೂಗುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂದು ವೈದ್ಯರು ಹೇಳಿದರೂ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸದೆ ಮನುಷ್ಯನನ್ನು ಕುಡಿದವನೆಂದು ನಿರ್ಣಯಿಸಲಾಗದೆಂದು ನ್ಯಾಯಾಲಯವು ಹೇಳಿತು.

ಮುಂಬಯಿಯ ಬಾಂದ್ರಾದ ಎರಡು ಅಪಘಾತಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸೀಸೆಯ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಚಕ್ರದಡಿಗೆ ಸಿಕ್ಕವರು ಬೀದಿಬದಿಯಲ್ಲಿ ಮಲಗಿದ್ದ ದುಡಿಮೆಗಾರರು. ೨೦೦೬ರ ನವೆಂಬರ ೧೨ರ ನಸುಕಿನಲ್ಲಿ ಕಾರ್ಟರ್ ರಸ್ತೆಯಲ್ಲಿ ಏಳು ಮಂದಿ ಕೂಲಿಕಾರರು ಸತ್ತು ಎಂಟು ಮಂದಿ ಗಾಯಗೊಂಡರು. ಚಾಲಕನ ರಕ್ತದಲ್ಲಿ ೧೧೨ ಮಿಲಿಗ್ರಾಂ ಮದ್ಯಸಾರವಿತ್ತೆಂಬ ವರದಿ ನ್ಯಾಯಾಲಯದಲ್ಲಿ ನಿಂತಿತು. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದಕ್ಕೆ ಮುಂಚೆ ೨೦೦೨ರ ಸಪ್ಟೆಂಬರ ೨೮ರಂದು ಬೇಕರಿಯೊಂದರ ಮುಂದೆ ಮಲಗಿದ್ದವರಲ್ಲಿ ಒಬ್ಬನು ಸತ್ತು ನಾಲ್ವರು ಗಾಯಗೊಂಡಿದ್ದರು. ಆ ಮೊಕದ್ದಮೆಯಲ್ಲಿ ಆರೋಪಿಯಾಗಿದ್ದ ಖ್ಯಾತ ಚಿತ್ರನಟನ ರಕ್ತದಲ್ಲಿ ೬೨ ಮಿಲಿಗ್ರಾಂ ಇತ್ತೆಂದು ವರದಿಯಿತ್ತು. ಆದರೆ ರಕ್ತವನ್ನು ಕಾಪಾಡಿ ಸಾಗಿಸಿದ ಬಗೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕೊರತೆಗಳನ್ನು ಕಂಡಿತು. ಕುಡಿದಿದ್ದನೆಂಬುದಾಗಲಿ ಕಾರನ್ನು ಅವನೇ ಓಡಿಸುತ್ತಿದ್ದನೆಂಬುದಾಗಲಿ ಸಂಶಯಾತೀತವಾಗಿ ಸಿದ್ಧವಾಗಿಲ್ಲವೆಂದು ೨೦೧೫ರ ಡಿಸೆಂಬರದಲ್ಲಿ ಅವನನ್ನು ಬಿಡುಗಡೆ ಮಾಡಿತು. ನ್ಯಾಯಾಲಯವು ಸಂಶಯದ ಲಾಭವನ್ನು ಆರೋಪಿಗೆ ಕೊಡುವುದು ನ್ಯಾಯವೇ. ಸಂಶಯಕ್ಕೆ ಎಡೆಯಿಲ್ಲದಂತೆ ಸೀಸೆಯನ್ನು ಕಾಯುವುದು ಅಧಿಕಾರಿಗಳ ಕರ್ತವ್ಯ.

ನಮ್ಮವರು ಅರಿತಿರಬೇಕಾದುದು

ನಮ್ಮ ಬಂಧುಗಳು ಈ ಪರೀಕ್ಷೆಯನ್ನು ಎರಡು ಕಡೆಗಳಿಂದ ಎದುರಿಸಬಹುದು. ಸ್ವತಃ ವಾಹನ ನಡೆಸುವಾಗ ನಾಕಾಬಂದಿಯಲ್ಲಿ ಪೊಲೀಸರು ತಡೆಯಬಹುದು. ಸಂಶಯಕ್ಕೆ ಕಾರಣವಿದ್ದಲ್ಲಿ ಸಮವಸ್ತ್ರದ ಅಧಿಕಾರಿಯು ಉಸಿರು ಊದೆಂದು ಹೇಳುವ ಅಧಿಕಾರವನ್ನು ೨೦೩ನೆಯ ಕಲಮು ಕೊಟ್ಟಿದೆ. ಹೆದರಿ ಓಡುವುದಾಗಲಿ, ವಾದಕ್ಕಿಳಿಯುವುದಾಗಲಿ ಬೇಡ. ಊದುವ ನಳಿಗೆ ಹೊಸದಾಗಿರಲೆಂದು ವಿನಯದಿಂದ ಕೇಳಬಹುದು. ಔಷಧಿ ಸೇವಿಸಿದ್ದರೆ ಅದನ್ನು ಮೊದಲೇ ತಿಳಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಪರೀಕ್ಷಿಸಿರೆಂದು ಕೋರಬಹುದು. ಅಳತೆಯನ್ನು ಕಣ್ಣಾರೆ ನೋಡಿ, ಚೀಟಿ ಬಂದರೆ ಜೋಪಾನವಾಗಿಡಬೇಕು. ಕುಡಿದ ಚಾಲನೆಗಾಗಿ ಬಂಧಿಸಿದಲ್ಲಿ ಎರಡು ಗಂಟೆಯೊಳಗೆ ವೈದ್ಯಪರೀಕ್ಷೆ ನಡೆಯತಕ್ಕದ್ದು. ನಡೆಯದಿದ್ದಲ್ಲಿ ಬಂಧನದಿಂದ ಬಿಡತಕ್ಕದ್ದೆಂದು ೨೦೨ನೆಯ ಕಲಮು ಹೇಳುತ್ತದೆ. ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಹಚ್ಚದಂತೆಯೂ, ಸೀಸೆಯ ಚೀಟಿಯಲ್ಲಿ ಹೆಸರು ಹಾಗೂ ಸಮಯ ಸರಿಯಾಗಿರುವಂತೆಯೂ ಗಮನಿಸಬೇಕು. ಸಕಾರಣವಿಲ್ಲದೆ ಪರೀಕ್ಷೆಯನ್ನು ನಿರಾಕರಿಸಿದರೆ ಆ ನಿರಾಕರಣೆಯೇ ವಿರುದ್ಧ ಸಾಕ್ಷ್ಯಕ್ಕೆ ಬಲ ಕೊಡಬಹುದೆಂದು ೨೦೫ನೆಯ ಕಲಮು ಎಚ್ಚರಿಸಿದೆ. ಕುಡಿಯದವನಿಗೆ ಸರಿಯಾದ ಪರೀಕ್ಷೆಗಿಂತ ಉತ್ತಮ ರಕ್ಷೆಯಿಲ್ಲ.

ಇನ್ನೊಂದು ಕಡೆಯು ದುಃಖದ್ದು. ನಮ್ಮ ಓರಗೆಯವನೊಬ್ಬನು ರಸ್ತೆಯಲ್ಲಿ ಬಿದ್ದಾಗ ಮೊದಲು ಅವನ ಪ್ರಾಣದ ಚಿಂತೆ; ಅದು ಸಹಜ. ಗಾಯಾಳುವಿನೊಡನೆ ಒಬ್ಬನು ಆಸ್ಪತ್ರೆಗೆ ಹೋದರೆ, ಓದುಬರಹ ಬಲ್ಲ ಇನ್ನೊಬ್ಬನು ಪೊಲೀಸು ಠಾಣೆಗೆ ಹೋಗಲಿ. ಚಾಲಕನ ರಕ್ತವನ್ನು ತೆಗೆದರೇ, ಎಷ್ಟು ಗಂಟೆಗೆ ತೆಗೆದರು, ಯಾವ ಆಸ್ಪತ್ರೆಯಲ್ಲಿ ತೆಗೆದರು ಎಂದು ವಿಚಾರಿಸಲಿ. ತೆಗೆದಿಲ್ಲವಾದರೆ ಕೂಡಲೆ ತೆಗೆಸಬೇಕೆಂದು ಲಿಖಿತವಾಗಿ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಯ ಮೇಲೆ ಠಾಣೆಯ ಮುದ್ರೆಯನ್ನೂ ಸಮಯವನ್ನೂ ಹಾಕಿಸಿಕೊಳ್ಳಲಿ. ಸುತ್ತಲಿನ ಅಂಗಡಿಗಳ ಕ್ಯಾಮರಾದ ಚಿತ್ರಗಳು ಅಳಿಯುವ ಮುನ್ನ ಅವುಗಳ ವಿಚಾರವನ್ನು ತನಿಖಾಧಿಕಾರಿಗೆ ತಿಳಿಸಲಿ. ನಮ್ಮ ಗುಮಾಸ್ತರು ಕಚೇರಿಯಲ್ಲಿ ದಿನವೂ ಮಾಡುವ ಕೆಲಸವೇ ಇದು: ತಾರೀಖು, ಸಮಯ, ಸಹಿ, ಪ್ರತಿ. ಆ ಜಾಣ್ಮೆಯನ್ನು ಸಂಕಟದ ರಾತ್ರಿಯಲ್ಲಿ ಮಾಣಿಯೊಬ್ಬನ ತಂದೆತಾಯಿಗಳಿಗಾಗಿ ಬಳಸಿದರೆ ಅದಕ್ಕಿಂತ ದೊಡ್ಡ ಸಂಘಸೇವೆ ಬೇರೊಂದಿಲ್ಲ. ಮಗನು ಕಳುಹಿಸುವ ಹಣದ ದಾರಿ ಕಾಯುವ ಆ ಮನೆಯವರು ಐನೂರು ಮೈಲು ದೂರದಲ್ಲಿದ್ದು ಮರಾಠಿಯನ್ನಾಗಲಿ ಕಾಯಿದೆಯನ್ನಾಗಲಿ ಅರಿಯರು.

ಹೋಟೆಲಿನ ಮಾಲೀಕರಿಗೂ ಒಂದು ಮಾತು. ರಾತ್ರಿ ಪಾಳಿ ಮುಗಿಸಿದ ಹುಡುಗರು ದೂರ ಹೋಗಬೇಕಾಗಿದ್ದಲ್ಲಿ ಗುಂಪಾಗಿ ಹೋಗುವ ಏರ್ಪಾಡು ಮಾಡಿರಿ. ಹಬ್ಬದ ಕೂಟದಲ್ಲಿ ಕುಡಿದವನ ಕೈಗೆ ಹೋಟೆಲಿನ ಸ್ಕೂಟರಿನ ಕೀಲಿಯನ್ನು ಕೊಡದಿರಿ. ಒಂದು ರಾತ್ರಿ ರಿಕ್ಷಾಕ್ಕೆ ಹೋಗುವ ಹಣವು ನ್ಯಾಯಾಲಯದ ದಂಡದೆದುರು ಏನೂ ಅಲ್ಲ. ಪ್ರಾಣದೆದುರಂತೂ ಅದನ್ನು ಎಣಿಸಲೇಬಾರದು.

ಸೀಸೆಯೊಳಗಿನ ರಕ್ತಕ್ಕೆ ಸಿರಿವಂತನೆಂಬ, ಬಡವನೆಂಬ ಭೇದವಿಲ್ಲ. ಭೇದ ಹುಟ್ಟುವುದು ಅದನ್ನು ತೆಗೆಯುವಲ್ಲಿ ಆಗುವ ತಡದಿಂದ, ಅದನ್ನು ಹಿಡಿದ ಕೈಗಳಿಂದ. ಹೊತ್ತಿಗೆ ಸರಿಯಾಗಿ ತೆಗೆದು, ನಿಯಮದಂತೆ ಮೊಹರು ಮಾಡಿ, ಕೈತಪ್ಪದಂತೆ ಪ್ರಯೋಗಾಲಯಕ್ಕೆ ಮುಟ್ಟಿಸಿದರೆ ಅದು ಪೋರ್ಶೆ ಕಾರಿನವನ ವಿಷಯದಲ್ಲಿಯೂ ಟೆಂಪೋದವನ ವಿಷಯದಲ್ಲಿಯೂ ಒಂದೇ ಸತ್ಯವನ್ನು ನುಡಿಯುವುದು. ಆ ಸತ್ಯವನ್ನು ಕೇಳುವ ಹಕ್ಕು ನಮಗಿದೆ. ಕೇಳುವ ರೀತಿಯನ್ನು ನಾವು ಕಲಿತಿರಬೇಕು.